ಕಾರಿನ ಬಾಗಿಲಿಗೆ ಎಡಗೈ

ಜಯನಗರ 4ನೇ ಬ್ಲಾಕಿನಲ್ಲಿ ನಿಂತಿದ್ದ ಕಾರೊಂದರ ಬಾಗಿಲು ಏಕಾಏಕಿ ತೆರೆದುಕೊಂಡಾಗ ನನ್ನ ಸ್ಕೂಟರಿಗೂ ಅದಕ್ಕೂ ಎರಡು ಮಾರು ಅಂತರವಿತ್ತು. ಬಾಗಿಲಿನ ಅಂಚು ಹ್ಯಾಂಡಲಿಗೆ ಬಡಿದು ನಡುರಸ್ತೆಗೆ ಬಿದ್ದೆ. ಹಿಂದೆ ಬಸ್ ಬರುತ್ತಿರಲಿಲ್ಲ, ಬದುಕಿಕೊಂಡೆ. ಮುರಿದ ಭುಜದ ಮೂಳೆ ಕೂಡಿಕೊಳ್ಳಲು ಎರಡು ತಿಂಗಳು ಬೇಕಾಯಿತು.

ಕಾರು ಕಲಿಯುತ್ತಿರುವ ಮಗಳಿಗೆ ಗೇರಿಗಿಂತ ಮೊದಲು ಹೇಳಿಕೊಟ್ಟಿದ್ದು ಇಳಿಯುವುದನ್ನು. ನಮ್ಮಲ್ಲಿ ಚಾಲಕರ ಬಾಗಿಲು ವಾಹನಗಳು ಓಡಾಡುವ ಕಡೆಗೇ ತೆರೆಯುತ್ತದೆ. ಬಲಗೈಯಿಂದ ಹಿಡಿ ಎಳೆದರೆ ಮುಖ ಮುಂದಕ್ಕೇ ಇರುತ್ತದೆ. ಎಡಗೈ ಚಾಚಿ ನೋಡಿ: ಎದೆ, ಕತ್ತು ತಾವಾಗಿಯೇ ಬಲಕ್ಕೆ ಹೊರಳುತ್ತವೆ, ಕನ್ನಡಿಯೂ ಹಿಂದಿನ ರಸ್ತೆಯೂ ಕಣ್ಣಿಗೆ ಬೀಳುತ್ತವೆ. ಬ್ರಿಟನ್ 2022ರಲ್ಲಿ ಇದೇ ವಿಧಾನವನ್ನು ತನ್ನ ರಸ್ತೆ ನಿಯಮಗಳ ಕೈಪಿಡಿಗೆ ಸೇರಿಸಿತು. ರಸ್ತೆ ಖಾಲಿಯಿದ್ದರೂ ಬಾಗಿಲನ್ನು ಮೊದಲು ನಾಲ್ಕು ಬೆರಳಗಲ ಮಾತ್ರ ತೆರೆಯಿರಿ, ಇನ್ನೊಮ್ಮೆ ನೋಡಿ, ಆಮೇಲೆ ಇಳಿಯಿರಿ.

ಹಿಂದಿನ ಸೀಟಿನವರನ್ನು ಎಡಗಡೆಯಿಂದಲೇ ಇಳಿಸಿ. ಬಲಬಾಗಿಲಿಗೆ ಚೈಲ್ಡ್ ಲಾಕ್ ಹಾಕಿಡಿ. ಆದರೆ ಸಿಗ್ನಲಿನಲ್ಲಿ ಎಡಸಂದಿಯಲ್ಲೂ ಬೈಕುಗಳು ನುಗ್ಗುತ್ತವೆ. ಅಲ್ಲಿ ಕೂತವರು ಬಲಗೈ ಬಳಸಲಿ.

ಬೈಕ್ ಓಡಿಸುವವರೇ, ನಿಂತ ಕಾರುಗಳಿಂದ ಒಂದು ಬಾಗಿಲಿನ ಅಗಲಕ್ಕಿಂತ ತುಸು ಹೆಚ್ಚೇ ದೂರವಿರಿ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲೂ ಸೆಕೆಂಡಿಗೆ 8 ಮೀಟರ್ ಸಾಗಿರುತ್ತೀರಿ. ಹಿಂಗಾಜಿನಲ್ಲಿ ತಲೆ ಕಂಡರೆ, ಬ್ರೇಕ್ ದೀಪ ಈಗಷ್ಟೇ ಆರಿದ್ದರೆ, ಆ ಬಾಗಿಲು ತೆರೆಯುತ್ತದೆ ಎಂದೇ ತಿಳಿದು ವೇಗ ತಗ್ಗಿಸಿ.