ಗೆಳೆಯರ ವಸ್ತು ನಮ್ಮ ಕೈಯಲ್ಲಿ ಹಾಳಾದರೆ ಹಣ ಕೊಡಬೇಕೇ, ಎಷ್ಟು ಕೊಡಬೇಕು?

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸ್ನೇಹಿತರ ನಡುವೆ ಎರವಲು ಓಡಾಡದ ವಸ್ತುವೇ ಇಲ್ಲ. ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟಕ್ಕೆ ಹೋಗಲು ಒಬ್ಬರ ಬೈಕು, ದ್ರಾಕ್ಷಿಗೆ ಔಷಧಿ ಹೊಡೆಯಲು ಇನ್ನೊಬ್ಬರ ಸ್ಪ್ರೇಯರ್, ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಅದನ್ನು ಬಿಡಲು ಪಕ್ಕದ ಮನೆಯ ಚಂದ್ರಿಕೆ, ಅಂದರೆ ಬಿದಿರಿನ ತಟ್ಟೆ. ಇವುಗಳಲ್ಲಿ ಯಾವುದಾದರೂ ನಮ್ಮ ಕೈಯಲ್ಲಿ ಮುರಿದಾಗ, ‘ಬೇಕೆಂದು ಮಾಡಿದ್ದಲ್ಲವಲ್ಲ’ ಎಂಬ ಮಾತು ನಿಜವೇ ಆಗಿದ್ದರೂ ಅದರಿಂದ ಏನೂ ಇತ್ಯರ್ಥವಾಗುವುದಿಲ್ಲ. ಆ ಹೊತ್ತಿನಲ್ಲಿ ವಸ್ತು ಯಾರ ಕೆಲಸಕ್ಕಾಗಿ ನಮ್ಮ ಕೈಯಲ್ಲಿತ್ತು ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.

ನಮ್ಮ ಕೆಲಸಕ್ಕೆ ತಂದಿದ್ದರೆ ಖರ್ಚು ನಮ್ಮದೇ. ಗೆಳೆಯನ ಕೆಲಸಕ್ಕೆ ಹೋಗಿ, ಉದಾಹರಣೆಗೆ ಅವನ ಮನೆ ಬದಲಾಯಿಸುವಾಗ ಟಿ.ವಿ. ಹೊರಲು ಕೈಕೊಟ್ಟು, ಮೆಟ್ಟಿಲಲ್ಲಿ ಜಾರಿ ಅದು ಒಡೆದಿದ್ದರೆ, ಪೂರ್ತಿ ಹಣ ಕೊಡುವ ಹೊಣೆ ನಮ್ಮ ಮೇಲಿಲ್ಲ. ಸ್ವಲ್ಪ ಭಾಗ ಕೊಡುತ್ತೇನೆಂದರೆ ಅದು ನಮ್ಮ ದೊಡ್ಡತನ. ಕೂರುವ ಕುರ್ಚಿಯ ಮೇಲೆಯೇ ಅವನು ತನ್ನ ಫೋನು ಇಟ್ಟು ನಮ್ಮನ್ನು ಕೂರಲು ಹೇಳಿ, ಅದು ಒಡೆದಿದ್ದರೆ ಅರ್ಧರ್ಧ ಹಂಚಿಕೊಳ್ಳುವುದು ನ್ಯಾಯ. ಯಾರ ಬಳಿ ಹೆಚ್ಚು ಹಣವಿದೆ ಎಂಬುದು ಈ ಲೆಕ್ಕಕ್ಕೆ ಬರಬಾರದು. ಗೆಳೆಯ ಅನುಕೂಲವಂತ ಎಂಬ ಕಾರಣಕ್ಕೆ ನಮ್ಮ ಹೊಣೆಯನ್ನು ನಾವೇ ಮನ್ನಾ ಮಾಡಿಕೊಳ್ಳುವುದು ಸರಿಯಲ್ಲ. ಮನ್ನಾ ಮಾಡುವ ಹಕ್ಕು ಅವನೊಬ್ಬನದು.

ಈ ವಿಷಯದಲ್ಲಿ 1872ರ ಭಾರತೀಯ ಕರಾರು ಕಾಯ್ದೆ ಹೇಳುವುದನ್ನು ತಿಳಿದಿರುವುದು ಒಳ್ಳೆಯದು. ಅದರ 151 ಮತ್ತು 152ನೇ ಕಲಮುಗಳ ಪ್ರಕಾರ, ಸಾಮಾನ್ಯ ವಿವೇಕವುಳ್ಳ ವ್ಯಕ್ತಿ ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ನೋಡಿಕೊಂಡಿದ್ದರೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ವಸ್ತುವಿಗಾದ ಹಾನಿಗೆ ಪಡೆದವನು ಹೊಣೆಯಲ್ಲ. ತನಗೆ ಗೊತ್ತಿರುವ ದೋಷವನ್ನು ಕೊಡುವವನು ಮೊದಲೇ ತಿಳಿಸಬೇಕೆಂದು 150ನೇ ಕಲಮು ಹೇಳುತ್ತದೆ. ಬ್ರೇಕ್ ಹಿಡಿಯುವುದಿಲ್ಲ ಎಂಬುದನ್ನು ಮುಚ್ಚಿಟ್ಟು ಬೈಕು ಕೊಟ್ಟ ಗೆಳೆಯ ಆಮೇಲೆ ಬಿಲ್ ಹಿಡಿದು ಬರುವಂತಿಲ್ಲ. ಆದರೆ ಹೇಳಿದ್ದಕ್ಕಿಂತ ಬೇರೆ ರೀತಿಯಲ್ಲಿ ಬಳಸಿದರೆ, ಆ ಬಳಕೆಯಲ್ಲಾದ ಹಾನಿಗೆ 154ನೇ ಕಲಮು ಪಡೆದವನನ್ನೇ ಹೊಣೆ ಮಾಡುತ್ತದೆ. ಕಾಯ್ದೆಯಲ್ಲೇ ಇರುವ ದೃಷ್ಟಾಂತ ಕುದುರೆಯದು: ತಾನು ಮಾತ್ರ ಸವಾರಿ ಮಾಡಲೆಂದು ಪಡೆದ ಕುದುರೆಯನ್ನು ಒಬ್ಬ ತನ್ನ ಮನೆಯವನಿಗೆ ಕೊಡುತ್ತಾನೆ, ಅವನು ಜಾಗರೂಕತೆಯಿಂದಲೇ ಓಡಿಸಿದರೂ ಕುದುರೆ ಆಕಸ್ಮಿಕವಾಗಿ ಬಿದ್ದು ಗಾಯಗೊಳ್ಳುತ್ತದೆ, ಪರಿಹಾರ ಕೊಡಬೇಕಾದವನು ಪಡೆದವನೇ. ಗೆಳೆಯನ ಬೈಕನ್ನು ಬೆಟ್ಟದ ತಿರುವುಗಳಲ್ಲಿ ಮೂರನೆಯವನ ಕೈಗೆ ಕೊಡುವ ಮುನ್ನ ಇದನ್ನು ನೆನೆಯಬೇಕು. ಕಾಯ್ದೆ ಹೇಳುವುದು ಕನಿಷ್ಠ ಮಿತಿಯನ್ನು ಮಾತ್ರ. ಮುಂದಿನ ಸಲವೂ ಎರವಲು ಸಿಗಬೇಕೆಂಬ ಆಸೆಯಿರುವವರು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬೇಕೆಂಬುದು ನನ್ನ ಅಭಿಪ್ರಾಯ.

ಬೈಕಿನ ವಿಷಯದಲ್ಲಿ ‘ಇನ್ಶೂರೆನ್ಸ್ ಇದೆಯಲ್ಲ’ ಎನ್ನುವವರು ಬಹಳ. ಕೇವಲ ಥರ್ಡ್ ಪಾರ್ಟಿ ವಿಮೆಯಿದ್ದರೆ ಆ ಬೈಕಿಗೇ ಆದ ಹಾನಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಪೂರ್ಣ ವಿಮೆ ಇದ್ದರೂ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳ ಬೆಲೆಯಲ್ಲಿ ಸವಕಳಿ ಎಂದು ಸಾಮಾನ್ಯವಾಗಿ ಶೇ. 50ರಷ್ಟು ಕಳೆಯುತ್ತಾರೆ, ಜೊತೆಗೆ, ಕ್ಲೇಮ್ ಮಾಡದ ವರ್ಷಗಳಿಗಾಗಿ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 20ರಿಂದ 50ರವರೆಗೆ ಸಿಗುತ್ತಿದ್ದ ನೋ ಕ್ಲೇಮ್ ಬೋನಸ್ ಅನ್ನು ಮಾಲೀಕ ಕಳೆದುಕೊಳ್ಳುತ್ತಾನೆ. ಆದ್ದರಿಂದ ಕನ್ನಡಿ, ಇಂಡಿಕೇಟರ್, ಲಿವರ್‌ನಂಥ ಸಣ್ಣ ಹಾನಿಗೆ ಕ್ಲೇಮ್ ಬೇಡ, ಕೈಯಿಂದಲೇ ಕೊಡಿ. ದೊಡ್ಡ ಹಾನಿಗೆ ಕ್ಲೇಮ್ ಮಾಡಿಸಿದರೆ ವಿಮೆ ಕೊಡದ ಭಾಗವನ್ನೂ ಗೆಳೆಯ ಕಳೆದುಕೊಂಡ ಬೋನಸ್ಸನ್ನೂ ಸೇರಿಸಿಯೇ ಲೆಕ್ಕ ಹಾಕಿ. ಓಡಿಸಿದವನಿಗೆ ಲೈಸೆನ್ಸ್ ಇರದಿದ್ದರೆ ವಿಮೆಯ ಮಾತೇ ಎತ್ತಬೇಡಿ.

ಮೊತ್ತ ನಿರ್ಧರಿಸುವುದು ಕಷ್ಟವಲ್ಲ. ರಿಪೇರಿಯಾಗುವಂತಿದ್ದರೆ ರಿಪೇರಿಯ ಬಿಲ್. ಆಗದಿದ್ದರೆ ಅಷ್ಟೇ ಹಳೆಯ, ಅದೇ ಬಗೆಯ ವಸ್ತು ಇಂದು ಸಿಗುವ ಬೆಲೆ. ನಾಲ್ಕು ವರ್ಷ ಬಳಸಿದ ಫೋನಿಗೆ ಹೊಸದರ ಬೆಲೆ ಕೇಳುವುದು ಗೆಳೆಯನಿಗೆ ಶೋಭೆಯಲ್ಲ. ಡಿಸ್‌ಪ್ಲೇ ಹೋಗಿದ್ದರೆ ಕಂಪನಿಯದೇ ಹಾಕಿಸಬೇಕೋ ಡೂಪ್ಲಿಕೇಟ್ ಸಾಕೋ ಎಂಬ ಆಯ್ಕೆ ಮಾತ್ರ ಅವನದು.

ಕೆಲವು ವಸ್ತುಗಳಲ್ಲಿ ಹಣಕ್ಕಿಂತ ಸಮಯ ಮುಖ್ಯ. ಶಿಡ್ಲಘಟ್ಟದ ಕಡೆಯ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ: ಹಣ್ಣಾದ ಹುಳು ಚಂದ್ರಿಕೆಗಾಗಿ ಕಾಯುವುದಿಲ್ಲ, ಆ ದಿನವೇ ಬಿಡದಿದ್ದರೆ ಸಿಕ್ಕಲ್ಲಿ ನೂಲು ಚೆಲ್ಲಿ ಗೂಡು ಹಾಳಾಗುತ್ತದೆ. ಎರವಲು ತಂದ ಚಂದ್ರಿಕೆಯ ಬಿದಿರು ಮುರಿದರೆ, ಗೆಳೆಯನ ಹುಳು ಎಷ್ಟನೆಯ ಜ್ವರದಲ್ಲಿದೆ (ಎಷ್ಟನೆಯ ಸಲ ಪೊರೆ ಬಿಡುತ್ತಿದೆ) ಎಂದು ಮೊದಲು ವಿಚಾರಿಸಿ, ಅದು ಹಣ್ಣಾಗುವುದರೊಳಗೆ ಬೇರೆ ಚಂದ್ರಿಕೆಯನ್ನು ಅವನ ಮನೆಗೆ ಮುಟ್ಟಿಸಬೇಕು. ದುಡ್ಡಿನ ಲೆಕ್ಕ ಗೂಡು ಮಾರಿದ ಮೇಲೂ ಆಗುತ್ತದೆ.

ಹೇಳುವ ರೀತಿಗೂ ಒಂದು ಕ್ರಮವಿದೆ. ಹಾಳಾದ ದಿನವೇ, ವಸ್ತುವನ್ನು ಹಿಂದಿರುಗಿಸುವ ಮುನ್ನವೇ, ಎದುರಿಗೆ ಹೋಗಿ ಹೇಳಬೇಕು. ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ ಕೀಲಿಯನ್ನು ಅವರ ತಾಯಿಯ ಕೈಗೆ ಕೊಟ್ಟು ಬರುವುದು, ಹಾನಿಗಿಂತ ಹೆಚ್ಚು ಮನಸ್ಸು ಕೆಡಿಸುತ್ತದೆ. ‘ಏನಾದರೂ ಕೊಡಬೇಕಾ?’ ಎಂದು ಕೇಳಿದರೆ ನಮ್ಮ ಕಡೆ ಯಾರೂ ಹೌದೆನ್ನುವುದಿಲ್ಲ. ‘ರಿಪೇರಿ ನಾನು ಮಾಡಿಸುತ್ತೇನೆ, ನಿನ್ನ ಮೆಕ್ಯಾನಿಕ್ ಯಾರು ಹೇಳು’ ಎಂದರೆ ಮಾತು ನೇರವಾಗುತ್ತದೆ. ‘ಬಿಡಪ್ಪಾ, ಪರವಾಗಿಲ್ಲ’ ಎಂದು ಮೊದಲ ಸಲ ಬರುವ ಉತ್ತರವನ್ನು ಮರ್ಯಾದೆಯ ಮಾತೆಂದು ತಿಳಿದು, ಎರಡು ದಿನ ಬಿಟ್ಟು ಇನ್ನೊಮ್ಮೆ ಕೇಳಿ. ಆಗಲೂ ಬೇಡವೆಂದರೆ ಒತ್ತಾಯ ಬೇಡ. ಒಮ್ಮೆಗೇ ಕೊಡಲಾಗದಿದ್ದರೆ ಹಾಲಿನ ಬಟವಾಡೆಯ ದಿನವೋ ಸಂಬಳದ ದಿನವೋ ಇಷ್ಟಿಷ್ಟು ಎಂದು ದಿನಾಂಕ ಹೇಳಿ, ಫೋನಿನಲ್ಲಿ ಹಣ ಕಳಿಸುವಾಗ ಯಾವುದರ ಬಾಬ್ತು ಎಂದು ಬರೆದು ಕಳಿಸಿ. ಗೆಳೆಯ ಹೇಳುವ ಮೊತ್ತ ವಿಪರೀತ ಎನಿಸಿದರೆ ಇಬ್ಬರೂ ಸೇರಿ ಇನ್ನೊಂದು ಗ್ಯಾರೇಜಿನಲ್ಲಿ ವಿಚಾರಿಸುವುದರಲ್ಲಿ ತಪ್ಪೇನೂ ಇಲ್ಲ. ಅವನ ಬೆನ್ನ ಹಿಂದೆ ಒಬ್ಬರೇ ಹೋಗಿ ವಿಚಾರಿಸಿಕೊಂಡು ಬರಬೇಡಿ.