ಟ್ರೇಲರ್ ಬಾಗಿಲ ಮುರಿದ ಲ್ಯಾಚ್‌ಗೆ ಉಕ್ಕಿನ ಬೆರಳು: ನನ್ನ ಅನುಭವ

ಕಾರಿನ ಹಿಂದೆ ಎಳೆದೊಯ್ಯುವ ಮನೆಯಂಥ ಗಾಡಿ, ಅಂದರೆ ಟ್ರಾವೆಲ್ ಟ್ರೇಲರ್‌ನ ಬಾಗಿಲ ಲ್ಯಾಚ್‌ನಲ್ಲಿ ಹೊರಗಿನ ಹ್ಯಾಂಡಲ್‌ನ ಬೆರಳು ಮುರಿದರೆ ಪೂರ್ತಿ ಲಾಕ್ ಬದಲಿಸುವುದೊಂದೇ ದಾರಿ ಎಂದು ಈ ಕೆಲಸ ಬಲ್ಲವರೇ ಹೇಳುತ್ತಾರೆ. ಸತುವಿನ ಎರಕಕ್ಕೆ ಜೋಡಣೆ ನಿಲ್ಲುವುದಿಲ್ಲ, ಸ್ಕ್ರೂ ಹಾಕಿದರೆ ಸ್ಕ್ರೂವೇ ತುಂಡಾಗುತ್ತದೆ ಎಂಬುದು ಅವರ ವಾದ. ನಾನು ಕೂರಿಸಿದ ಉಕ್ಕಿನ ಬೆರಳು ಮಳೆ, ಧೂಳು, ಕೆಟ್ಟ ರಸ್ತೆ ಎಲ್ಲವನ್ನೂ ದಾಟಿ ಇವತ್ತಿಗೂ ಮೊದಲ ದಿನದ ಹಾಗೇ ಕೆಲಸ ಮಾಡುತ್ತಿದೆ. ಆಗುವುದಿಲ್ಲ ಅಂದವರಲ್ಲಿ ಕೆಲವರು ಈಗ ಅಳತೆ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಬೆರಳು ಅಂದರೆ ಹೊರಗಿನ ಹ್ಯಾಂಡಲ್ ಎಳೆದಾಗ ಒಳಗಿನ ಸ್ಲೈಡನ್ನು (ಜಾರುವ ತುಂಡನ್ನು) ತಳ್ಳಿ, ಚೌಕಟ್ಟಿಗೆ ಸಿಕ್ಕಿ ಬಾಗಿಲನ್ನು ಹಿಡಿದಿರುವ ನಾಲಿಗೆಯನ್ನು ಹಿಂದಕ್ಕೆ ತರುವ ಚಿಕ್ಕ ಚಾಚು. ಹೆಚ್ಚಿನ ಲಾಕ್‌ಗಳಲ್ಲಿ ಇದು ಹ್ಯಾಂಡಲ್ ಜೊತೆಗೇ ಎರಕ ಹೊಯ್ದ ಸತುವಿನ ತುಂಡು. ಮುರಿಯುವುದು ಬುಡದಲ್ಲೇ, ಒಳಮೂಲೆ ಚೂಪಾಗಿರುವ ಕಡೆ. ಹ್ಯಾಂಡಲ್ ಸಲೀಸಾಗಿ ಮೇಲೆದ್ದು ಬರುತ್ತದೆ, ನಾಲಿಗೆ ಮಾತ್ರ ಅಲುಗುವುದಿಲ್ಲ.

ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡದೆ ಎಸೆಯಬೇಡಿ. ಪೂರ್ತಿ ಹೊಳೆಯುವ ಬೂದು ಬಣ್ಣವಿದ್ದರೆ ಒಂದೇ ಏಟಿಗೆ ಮುರಿದದ್ದು. ಒಂದು ಭಾಗ ಕಪ್ಪಾಗಿ, ಉಳಿದದ್ದು ಹೊಳೆಯುತ್ತಿದ್ದರೆ ಬಿರುಕು ಬಹಳ ಹಿಂದೆಯೇ ಬಿದ್ದಿತ್ತು, ಕೊನೆಯ ಎಳೆತ ಕೆಲಸ ಮುಗಿಸಿತು ಅಷ್ಟೆ. ನನ್ನದರಲ್ಲಿ ಸುಮಾರು ಮೂರನೇ ಎರಡು ಪಾಲು ಕಪ್ಪಾಗಿತ್ತು. ನಡುವೆ ಸೂಜಿ ಮೊನೆಯಷ್ಟು ಗಾಳಿಗುಳ್ಳೆಗಳೂ ಇದ್ದವು. ಹಳೆಯ ಬಿರುಕು ಕಂಡರೆ ತಪ್ಪು ಬೆರಳಿನದಲ್ಲ, ಬಾಗಿಲಿನದು. ಹ್ಯಾಂಡಲ್ ಬಹಳ ದಿನಗಳಿಂದ ಬಿಗಿಯಾಗಿತ್ತು, ಜನ ಜೋರಾಗಿ ಎಳೆಯುತ್ತಾ ಬಂದಿದ್ದರು ಎಂದರ್ಥ. ಬಾಗಿಲನ್ನು ಸರಿಪಡಿಸದೆ ಬೆರಳು ಮಾತ್ರ ಹಾಕಿದರೆ ಉಕ್ಕಿನದಾದರೂ ಬಾಳುವುದಿಲ್ಲ. ಬೆರಳು ಉಳಿದರೆ ಅದರ ಮುಂದಿನ ಸ್ಲೈಡ್ ಮುರಿಯುತ್ತದೆ.

ಮೊದಲು ಕೈಕೊಟ್ಟ ದಾರಿಗಳನ್ನು ಹೇಳಿಬಿಡುತ್ತೇನೆ, ಅವುಗಳ ಮೇಲೆ ಯಾರೂ ದುಡ್ಡು ಸುರಿಯದಿರಲಿ. ಎರಡು ಭಾಗ ಬೆರೆಸಿ ಹಚ್ಚುವ ಎಪಾಕ್ಸಿ ಅಂಟು, ಅದರಲ್ಲೂ ಉಕ್ಕಿನ ಪುಡಿ ಬೆರೆಸಿದ್ದು, ಮೇಜಿನ ಮೇಲೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆದರೆ ಬೆರಳಿನ ಬುಡದಲ್ಲಿ ಅಂಟಿಗೆ ಸಿಗುವ ಮುಖ ಹೆಚ್ಚೆಂದರೆ 5 ಮಿ.ಮೀ. ಅಗಲ, 4 ಮಿ.ಮೀ. ದಪ್ಪ. ಬರುವ ಭಾರವೆಲ್ಲ ಬಾಗಿಸುವ ಭಾರ, ಅಂಟು ಸೋಲುವುದೇ ಅಲ್ಲಿ. ಕೆಲವು ವಾರ ಹಿಡಿದುಕೊಂಡಿತ್ತು, ಆಮೇಲೆ ಒಂದು ಬದಿಯಿಂದ ಸಿಪ್ಪೆಯಂತೆ ಎದ್ದು ಬಂತು. ಬೆಸುಗೆಯದು ಇನ್ನೂ ಕಷ್ಟ. ಈ ಸತುವಿನ ಮಿಶ್ರಲೋಹ 380 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗುತ್ತದೆ. ಕಡಿಮೆ ಶಾಖದ ಬೆಸುಗೆ ಕಡ್ಡಿ ಎಂದು ಮಾರುವವು ಕರಗುವುದೂ ಹೆಚ್ಚುಕಡಿಮೆ ಅಲ್ಲಿಯೇ. ಕಡ್ಡಿ ಹರಿಯುವ ಹೊತ್ತಿಗೆ ಹ್ಯಾಂಡಲ್‌ನ ಅಂಚು ಕುಸಿದಿರುತ್ತದೆ. ಗುಜರಿ ಹ್ಯಾಂಡಲ್ ಒಂದರ ಮೇಲೆ ಪ್ರಯೋಗಿಸಿದ್ದರಿಂದ ನಷ್ಟ ಕಡ್ಡಿಯದಷ್ಟೇ.

ಹೊಸ ಲಾಕ್‌ನ ಬೆಲೆಯನ್ನು ನೂರು ಎಂದಿಟ್ಟುಕೊಂಡರೆ ಎಪಾಕ್ಸಿ, ಕಡ್ಡಿ, ಗ್ಯಾಸ್ ಸೇರಿ ಹತ್ತಿರ ಹತ್ತಿರ ನಲವತ್ತು ಹೀಗೆ ಹೋಯಿತು. ಕೊನೆಗೆ ನಿಂತ ರಿಪೇರಿಗೆ ತಗುಲಿದ್ದು ಎಂಟೋ ಹತ್ತೋ, ಅದರಲ್ಲೂ ದೊಡ್ಡ ಪಾಲು ತೂತಿನೊಳಗೆ ಸ್ಕ್ರೂ ಎಳೆ ಕೊರೆಯುವ 3 ಮಿ.ಮೀ. ಟ್ಯಾಪ್‌ನದು. ಆ ಟ್ಯಾಪ್ ಹೇಗೂ ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ಹೊಸ ಲಾಕ್ ತರುವುದಾದರೂ ತೂತಿನ ಅಳತೆ ನೋಡಿಕೊಳ್ಳಿ. ಟ್ರೇಲರ್ ಬಾಗಿಲಲ್ಲಿ ಹೆಚ್ಚಾಗಿ ಕಾಣುವ ಕಿಂಡಿ ಸುಮಾರು 70 ಮಿ.ಮೀ. ಅಗಲ, 95 ಮಿ.ಮೀ. ಎತ್ತರ. ಕಿಂಡಿ ಹೊಂದಿದರೂ ನಾಲಿಗೆಯ ಎತ್ತರ ಹೊಂದದಿದ್ದರೆ ಸ್ಟ್ರೈಕ್ ಪ್ಲೇಟ್ (ಚೌಕಟ್ಟಿನಲ್ಲಿ ನಾಲಿಗೆ ಹೋಗಿ ಕೂರುವ ತಗಡು) ಕಿತ್ತು ಮತ್ತೆ ಕೂರಿಸಬೇಕು, ತೆಳು ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಹಳೆ ತೂತುಗಳ ಪಕ್ಕ ಹೊಸ ತೂತು. ಲಾಕ್ ಬದಲಿಸುವುದು ಸುಲಭದ ಕೆಲಸ ಎನ್ನುವವರು ಈ ಭಾಗವನ್ನು ಹೇಳುವುದಿಲ್ಲ.

ಈಗ ಬಾಗಿಲಿಗೆ ಬರೋಣ. ಟ್ರೇಲರನ್ನು ಚಕ್ರದ ಕೆಳಗೆ ಹಲಗೆ ಕೊಟ್ಟು ಅಡ್ಡಕ್ಕೆ ಮಟ್ಟ ಮಾಡಿ, ಮೂತಿಯ ಜಾಕ್‌ನಿಂದ ಉದ್ದಕ್ಕೆ ಮಟ್ಟ ಮಾಡಿ. ಮೂಲೆಯ ಜಾಕ್‌ಗಳು ಅಲುಗದಂತೆ ಹಿಡಿಯುವುದಕ್ಕೆ ಇರುವವು, ಎತ್ತುವುದಕ್ಕಲ್ಲ. ಅವುಗಳಿಂದ ಎತ್ತಿದರೆ ಬಾಗಿಲ ಚೌಕಟ್ಟು ಓರೆಯಾಗಿ ನಾಲಿಗೆ ಸ್ಟ್ರೈಕ್‌ನ ಅಂಚಿಗೆ ಒತ್ತಿಕೊಳ್ಳುತ್ತದೆ. ನಿಲ್ಲಿಸಿದಾಗ ಮಾತ್ರ ಬಿಗಿ, ಓಡಿಸುವಾಗ ಸಡಿಲ ಎನ್ನುವ ಬಾಗಿಲುಗಳ ಗುಟ್ಟು ಬಹುಪಾಲು ಇದೇ.

ನಾಲಿಗೆಯ ಮೇಲೆ ಮಾರ್ಕರ್ ಬಳಿದು ಬಾಗಿಲನ್ನು ನಾಲ್ಕಾರು ಸಲ ಮುಚ್ಚಿ ತೆಗೆಯಿರಿ. ಬಣ್ಣ ಎಲ್ಲಿ ಸವೆದಿದೆ ನೋಡಿ. ಕೆಳಮುಖದಲ್ಲಿ ಸವೆದಿದ್ದರೆ ಬಾಗಿಲು ಜೋತಿದೆ: ಮೊದಲು ಹಿಂಜ್‌ನ ಸ್ಕ್ರೂ ಬಿಗಿ ಮಾಡಿ, ಆಮೇಲೂ ತಾಗಿದರೆ ಸ್ಟ್ರೈಕ್‌ನ ಕೆಳ ಅಂಚನ್ನು ಒಂದು, ಒಂದೂವರೆ ಮಿ.ಮೀ. ಅರದಿಂದ ಉಜ್ಜಿ. ಚಪ್ಪಟೆ ಮುಖದಲ್ಲಿ ಸವೆದಿದ್ದರೆ ಬಾಗಿಲಿನ ರಬ್ಬರ್ ಸೀಲ್ ಹೊರಕ್ಕೆ ತಳ್ಳುತ್ತಿದೆ. ಹೊಸ ಸೀಲ್ ಹಾಕಿದ ಮೇಲೆ ಬೆರಳು ಮುರಿಯುವುದು ಹೀಗೆಯೇ. ಆಗ ಸ್ಟ್ರೈಕನ್ನು ಹೊರಕ್ಕೆ ಸರಿಸಬೇಕು. ಮುಚ್ಚಿದ ಬಾಗಿಲನ್ನು ಅಂಗೈಯಿಂದ ಒತ್ತಿದರೆ ಸುಮಾರು 1 ಮಿ.ಮೀ. ಅಲುಗಾಟ ಸಿಗಬೇಕು, ಸೀಲ್‌ನ ಸುತ್ತ ಸಿಕ್ಕಿಸಿದ ಕಾಗದದ ಪಟ್ಟಿ ಎಳೆದಾಗ ಎಲ್ಲ ಕಡೆಯೂ ಸ್ವಲ್ಪ ಹಿಡಿಯಬೇಕು. ಎರಡೂ ಒಟ್ಟಿಗೆ ಸಿಗುವ ಜಾಗ ಬಹಳ ಕಿರಿದು, ತಾಳ್ಮೆ ಬೇಕು.

ಮುರಿದ ಲ್ಯಾಚ್‌ನಿಂದ ಬಾಗಿಲು ಮುಚ್ಚಿಕೊಂಡೇ ಉಳಿದಿದ್ದರೆ ತುರ್ತು ಕಿಟಕಿಯಿಂದ ಒಳಗೆ ಇಳಿದು ಒಳಗಿನ ಹ್ಯಾಂಡಲ್ ಬಳಸಿ, ಅದರ ಬೆರಳು ಬೇರೆ. ಹೊರಗಿನಿಂದಲೇ ಅರ್ಧ ನಿಮಿಷದಲ್ಲಿ ತೆಗೆಯುವ ಉಪಾಯ ನನಗೆ ಗೊತ್ತಿದೆ, ಆದರೆ ಇಲ್ಲಿ ಬರೆಯುವುದಿಲ್ಲ. ಕಳ್ಳನಿಗೂ ಅದೇ ಉಪಾಯ ಸಾಕು.

ಬಾಗಿಲನ್ನು ತೆರೆದಿಟ್ಟು ಒಳಬದಿಯ ಸ್ಕ್ರೂಗಳನ್ನು ಬಿಚ್ಚಿ. ಹೊರಗಿನ ಅರ್ಧವನ್ನು ಇನ್ನೊಂದು ಕೈ ಹಿಡಿದಿರಲಿ. ಹ್ಯಾಂಡಲ್‌ನ ಪಿನ್ ತೆಗೆಯುವ ಮುಂಚೆ ಸ್ಪ್ರಿಂಗ್‌ನ ಎರಡೂ ಕಾಲು ಎಲ್ಲಿ ಕೂತಿವೆ ಎಂದು ಫೋಟೋ ತೆಗೆದುಕೊಳ್ಳಿ, ಪಿನ್ ಹೊಡೆಯುವ ಕೆಲಸವನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೇ ಮಾಡಿ. ಹಾರಿಹೋದ ಸ್ಪ್ರಿಂಗ್‌ಗೆ ಬದಲಿ ಸಿಗುವುದು ಕಷ್ಟ.

ಬೆರಳಿಗೆ 3 ಮಿ.ಮೀ. ದಪ್ಪದ ಸಾಧಾರಣ ಉಕ್ಕಿನ ಪಟ್ಟಿ ಸಾಕು. ಮುರಿದ ಎರಡು ತುಂಡುಗಳನ್ನು ಹೊಂದಿಸಿ ಹಿಡಿದು ರಟ್ಟಿನ ಮೇಲೆ ಗೆರೆ ಎಳೆಯಿರಿ. ಇಲ್ಲಿ ಒಂದೇ ಅಳತೆ ಮುಖ್ಯ: ಪಿನ್‌ನ ನಡುವಿನಿಂದ ಬೆರಳಿನ ತುದಿಯವರೆಗಿನ ಉದ್ದ. ಒಂದು ಮಿ.ಮೀ. ಕಡಿಮೆಯಾದರೆ ನಾಲಿಗೆ ಪೂರ್ತಿ ಒಳಗೆ ಹೋಗುವುದಿಲ್ಲ, ಹೆಚ್ಚಾದರೆ ಹ್ಯಾಂಡಲ್ ತನ್ನ ಜಾಗಕ್ಕೆ ಮರಳುವುದಿಲ್ಲ. ನಾನು ಒಂದು ಮಿ.ಮೀ. ಉದ್ದವೇ ಕತ್ತರಿಸಿ, ಕೂರಿಸಿದ ಮೇಲೆ ಅರದಿಂದ ಇಳಿಸುತ್ತೇನೆ.

ಇನ್ನು ಜೋಡಣೆ. ಸ್ಕ್ರೂ ತುಂಡಾಗುತ್ತದೆ ಎನ್ನುವವರ ಮಾತು ಸುಳ್ಳಲ್ಲ, ಸ್ಕ್ರೂ ಮೇಲೆ ಭಾರ ಬಿಟ್ಟರೆ ತುಂಡಾಗಿಯೇ ಆಗುತ್ತದೆ. ಭಾರವನ್ನು ಸ್ಕ್ರೂಗೆ ಕೊಡಲೇಬಾರದು. ಹ್ಯಾಂಡಲ್‌ನ ಮೊಂಡು ಬುಡವನ್ನು ಸಪಾಟು ಮಾಡುವಾಗ ಬೆರಳು ತಳ್ಳುವ ದಿಕ್ಕಿಗೆ ಎದುರಾಗಿ ಒಂದೂವರೆ ಮಿ.ಮೀ. ಎತ್ತರದ ಮೆಟ್ಟಿಲನ್ನು ಅರದಿಂದ ಕಡಿದು ಉಳಿಸಿಕೊಳ್ಳಿ. ಉಕ್ಕಿನ ತುಂಡಿನ ಹಿಂಬದಿ ಆ ಮೆಟ್ಟಿಲಿಗೆ ಬೆಳಕು ಕಾಣದಷ್ಟು ಅಂಟಿ ಕೂರಬೇಕು. ಎಳೆದಾಗ ಭಾರ ಉಕ್ಕಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಹ್ಯಾಂಡಲ್‌ಗೆ ಹೋಗುತ್ತದೆ. ಸ್ಕ್ರೂಗಳದು ತುಂಡು ಜಾರದಂತೆ ಅಮುಕಿ ಹಿಡಿಯುವ ಕೆಲಸ ಮಾತ್ರ. ಇಡೀ ರಿಪೇರಿ ನಿಂತಿರುವುದು ಈ ಮೆಟ್ಟಿಲ ಮೇಲೆ. ಅರದ ಕೆಲಸ ಒಂದು ಗಂಟೆ ಹಿಡಿದರೂ ಅವಸರ ಬೇಡ.

ಉಕ್ಕಿನಲ್ಲಿ 3.2 ಮಿ.ಮೀ.ಯ ಎರಡು ತೂತು, ನಡುವೆ ಸುಮಾರು 8 ಮಿ.ಮೀ. ಅಂತರ, ಸ್ಕ್ರೂ ತಲೆ ಮುಳುಗುವಂತೆ ಬಾಯಿ ಅಗಲ ಮಾಡಿ. ತುಂಡನ್ನು ಮೆಟ್ಟಿಲಿಗೆ ಒತ್ತಿ ಹಿಡಿದು ಅದೇ ತೂತುಗಳ ಮೂಲಕ ಗುರುತು ಮಾಡಿ, ಸತುವಿನಲ್ಲಿ 2.5 ಮಿ.ಮೀ. ಡ್ರಿಲ್ ಹೊಡೆದು 3 ಮಿ.ಮೀ. ಟ್ಯಾಪ್ ಹಾಕಿ. ಸತು ಮೆತ್ತಗೆ ಕತ್ತರಿಸುತ್ತದೆ, ಆದರೆ ಟ್ಯಾಪ್‌ನ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಒಂದೆರಡು ಹನಿ ಸೀಮೆಎಣ್ಣೆ. ಎಳೆ 6 ಮಿ.ಮೀ. ಆಳ ಸಿಗದಿದ್ದರೆ ಆರಪಾರ ಕೊರೆದು ಹಿಂದಿನಿಂದ ನಟ್ ಹಾಕಿ. ಒಂದೇ ಸ್ಕ್ರೂ ಸಾಲದು, ತುಂಡು ತಿರುಗುತ್ತದೆ.

ಜೋಡಿಸುವ ಮುಂಚೆ ಉಕ್ಕಿಗೆ ಬಣ್ಣ ಬಳಿದು ಒಣಗಿಸಿ, ನಡುವೆ ತೆಳ್ಳಗೆ ಗ್ರೀಸ್ ಸವರಿ. ಬರಿ ಉಕ್ಕು ಬರಿ ಸತುವಿಗೆ ತಾಗಿ ನೀರು ಸೇರಿದರೆ ಕರಗುವುದು ಸತು, ಅಂದರೆ ನಿಮ್ಮ ಮೆಟ್ಟಿಲು. ಸ್ಕ್ರೂಗೆ ಮಧ್ಯಮ ಬಲದ ಥ್ರೆಡ್ ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ದ್ರವ) ಒಂದು ಹನಿ, ಅದೂ ಎಳೆಗೆ ಮಾತ್ರ. ಗ್ರೀಸ್ ಅಲ್ಲಿಗೆ ತಾಗಿದ್ದರೆ ಮೊದಲು ಒರೆಸಿ ತೆಗೆಯಿರಿ. ಈ ದ್ರವ ಒಳ ಹ್ಯಾಂಡಲ್‌ನ ಪ್ಲಾಸ್ಟಿಕ್‌ಗೆ ತಗುಲಿದರೆ ಕೆಲವು ಬಗೆಯ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ, ಒಂದು ದಿನ ಒಣಗಲು ಬಿಟ್ಟು ಆಮೇಲೆ ಲಾಕ್ ಸೇರಿಸಿ. ಬೆರಳಿನ ತುದಿಯನ್ನು ಗುಂಡಗೆ ಉಜ್ಜಿ, ಸಣ್ಣ ಮರಳುಕಾಗದದಿಂದ ನುಣುಪು ಮಾಡಿ. ಚೂಪು ಅಂಚು ಬಿಟ್ಟರೆ ಉಕ್ಕು ಸ್ಲೈಡನ್ನು ಕೊರೆಯುತ್ತದೆ.

ಸ್ಪ್ರಿಂಗ್ ಸೋತಿದ್ದರೆ ಅದರ ಕಾಲನ್ನು ಮುರಿಯದಂತೆ ಬಾಗಿಸಿ ಮತ್ತೆ ಬಿಗಿ ತರಿಸುವ ಕೈಚಳಕವೂ ಒಂದಿದೆ. ಅದು ಬರೆದು ಕಲಿಸುವಂಥದ್ದಲ್ಲ, ಇಟ್ಟುಕೊಳ್ಳುತ್ತೇನೆ.

ನಡುವೆ 3ಡಿ ಪ್ರಿಂಟರ್‌ನ ಬೆರಳನ್ನೂ ಪರೀಕ್ಷಿಸಿದೆ. ಪಿಎಲ್ಎ ಪ್ಲಾಸ್ಟಿಕ್ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ, ಬಿಸಿಲಿಗೆ ನಿಂತ ಬಾಗಿಲಿನ ಗಾಢ ಬಣ್ಣದ ಹ್ಯಾಂಡಲ್ ಅಷ್ಟು ಕಾಯುವುದು ಕಷ್ಟವಲ್ಲ. ಬೆರಳು ಮುರಿಯಲಿಲ್ಲ, ಬಾಗಿತು. ನೈಲಾನ್ ತಡೆಯಿತು, ಆದರೆ ಎಳೆದಾಗ ಬಳುಕಿ ನಾಲಿಗೆ 2 ಮಿ.ಮೀ. ಹೊರಗೇ ಉಳಿಯಿತು. ಆದರೂ ಉಕ್ಕು ಕತ್ತರಿಸುವ ಮುಂಚೆ ಆಕಾರ ನೋಡಿಕೊಳ್ಳಲು ಪ್ರಿಂಟ್ ಒಳ್ಳೆಯದು, ಮೂರು ಅಳತೆಯಲ್ಲಿ ತೆಗೆದು ಯಾವುದು ಸರಿಯೋ ಅದನ್ನೇ ಉಕ್ಕಿಗೆ ಇಳಿಸಬಹುದು. ಗ್ರೀಸ್‌ನಲ್ಲೂ ಹೋಲಿಸಿ ನೋಡಿದೆ. ತುಕ್ಕು ಬಿಡಿಸುವ ತೆಳು ಎಣ್ಣೆಯ ಸ್ಪ್ರೇ ಮೊದಲ ದಿನ ಬಹಳ ಚೆನ್ನ, ಆದರೆ ಇದ್ದ ಗ್ರೀಸನ್ನೂ ತೊಳೆದು ಧೂಳಿಗೆ ದಾರಿ ಮಾಡುತ್ತದೆ. ಒಳಗಿನ ಸ್ಲೈಡಿಗೆ ಬಿಳಿ ಲಿಥಿಯಂ ಗ್ರೀಸ್ ತೆಳ್ಳಗೆ, ಹೊರಗೆ ಕಾಣುವ ನಾಲಿಗೆಗೆ ಒಣಗುವ ಬಗೆಯ ಪಿಟಿಎಫ್ಇ (ಟೆಫ್ಲಾನ್) ಸ್ಪ್ರೇ, ಕೀಲಿ ಕಿಂಡಿಗೆ ಗ್ರಾಫೈಟ್ ಪುಡಿ. ಕೀಲಿ ಕಿಂಡಿಗೆ ಗ್ರೀಸ್ ಬೇಡವೇ ಬೇಡ.

ಲಾಕನ್ನು ಬಾಗಿಲಿಗೆ ತಿರುಗಿ ಹಾಕುವಾಗ ಬಹಳ ಜನ ಎಡವುವುದು ಸ್ಕ್ರೂ ಬಿಗಿಯುವಲ್ಲಿ. ಬಾಗಿಲ ಒಳಗಿರುವುದು ಫೋಮ್, ಮೇಲಿನದು ತೆಳು ಹಾಳೆ. ಜೋರಾಗಿ ತಿರುಗಿಸಿದರೆ ಎರಡೂ ಅರ್ಧ ಒಂದಕ್ಕೊಂದು ಹತ್ತಿರವಾಗಿ ಸ್ಲೈಡ್ ಸಿಕ್ಕಿಕೊಳ್ಳುತ್ತದೆ, ಆಮೇಲೆ ದೋಷ ಹೊಸ ಬೆರಳಿನ ತಲೆಗೆ. ಹೊರ ಅರ್ಧದ ಸ್ಕ್ರೂ ಕಂಬಗಳಿಗೂ ಒಳ ಅರ್ಧಕ್ಕೂ ನಡುವೆ ಉಳಿಯುವ ಅಂತರವನ್ನು ಅಳೆದು, ಅಷ್ಟೇ ಉದ್ದದ ಅಲ್ಯೂಮಿನಿಯಂ ಕೊಳವೆ ತುಂಡುಗಳನ್ನು ಸ್ಕ್ರೂಗಳಿಗೆ ತೊಡಿಸಿ. ಬಿಗಿಯುವಿಕೆ ಕೊಳವೆಗೆ ಬಂದು ನಿಲ್ಲುತ್ತದೆ. ಹೊರಗಿನ ಅಂಚಿನ ಹಿಂದೆ ನೀರು ತಡೆಯಲು ಬ್ಯೂಟೈಲ್ ಟೇಪ್ (ಮೆತ್ತನೆಯ ರಬ್ಬರ್ ಅಂಟುಪಟ್ಟಿ) ಸಾಕು. ಸಿಲಿಕೋನ್ ಬಳಿದರೆ ಮುಂದಿನ ಸಲ ಬಿಚ್ಚುವಾಗ ಬಾಗಿಲ ಹಾಳೆಯೇ ಎದ್ದು ಬರಬಹುದು.

ಬಾಗಿಲು ತೆರೆದಿರುವಾಗಲೇ ಹ್ಯಾಂಡಲನ್ನು ಐವತ್ತು ಸಲ ಎಳೆದು ಬಿಡಿ. ಪ್ರತಿ ಸಲವೂ ನಾಲಿಗೆ ಬಾಗಿಲ ಅಂಚಿಗೆ ಸಮನಾಗಿ ಒಳ ಹೋಗಿ, ತಾನಾಗಿ ಪೂರ್ತಿ ಹೊರ ಬರಬೇಕು. ಆಮೇಲೆ ಮುಚ್ಚಿ ನೋಡಿ: ಕೈಯ ಎರಡು ಬೆರಳಿನಲ್ಲಿ ಎಳೆದರೆ ತೆರೆಯಬೇಕು. ಮೂಲೆಯ ಜಾಕ್ ಇಳಿಸಿ ಒಮ್ಮೆ, ಏರಿಸಿ ಒಮ್ಮೆ ಇದನ್ನೇ ಮಾಡಿ. ಎಲ್ಲಾದರೂ ಬಿಗಿ ಕಂಡರೆ ಅರ ಹಿಡಿದು ಸ್ಟ್ರೈಕ್ ಕಡೆಗೆ ಹೋಗಿ, ಲಾಕನ್ನು ಮತ್ತೆ ಬಿಚ್ಚಬೇಡಿ. ಓಡಿಸುವಾಗ ಡೆಡ್‌ಬೋಲ್ಟ್ (ಸ್ಪ್ರಿಂಗ್ ಇಲ್ಲದ, ಕೀಲಿ ತಿರುಗಿಸಿ ಹಾಕುವ ಗಟ್ಟಿ ಅಗುಳಿ) ಹಾಕಿಯೇ ಇರಲಿ. ರಸ್ತೆಯಲ್ಲಿ ಟ್ರೇಲರ್‌ನ ಮೈ ತಿರುಚುವಾಗ ಸ್ಪ್ರಿಂಗ್ ನಾಲಿಗೆಯೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ತೆರೆದ ಬಾಗಿಲಲ್ಲಿ ಡೆಡ್‌ಬೋಲ್ಟ್ ಹೊರಗಿದ್ದಾಗ ದಡಾರನೆ ಮುಚ್ಚಿದರೆ ಚೌಕಟ್ಟು ನೆಗ್ಗುತ್ತದೆ, ಅದಕ್ಕೆ ಉಕ್ಕಿನ ಬೆರಳಿನಿಂದ ಪರಿಹಾರವಿಲ್ಲ.