ಲಿನಕ್ಸ್‌ಗೆ ಬನ್ನಿ, ವಿಂಡೋಸ್ ಆಟಗಳನ್ನೂ ಜೊತೆಗೆ ತನ್ನಿ

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನದ್ದೋ ಅದಕ್ಕಿಂತ ಹೊಸದೋ ಆಗಿರಬೇಕು. ಹಾಗಾಗಿ ಚೆನ್ನಾಗಿ ಓಡುತ್ತಿರುವ ಎಷ್ಟೋ ಕಂಪ್ಯೂಟರ್‌ಗಳು ಸುಮ್ನೆ ಮೂಲೆ ಸೇರುತ್ತಿವೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿ ಅಂತ ಹೇಳಿದ ಕೂಡಲೇ ಎದುರಿನವರು ಕೇಳುವುದು ಒಂದೇ ಪ್ರಶ್ನೆ: ನನ್ನ ಆಟಗಳು ಓಡುತ್ತವಾ?

ಬಹಳಷ್ಟು ಓಡುತ್ತವೆ. ಕೆಲವು ಏನು ಮಾಡಿದರೂ ಓಡುವುದಿಲ್ಲ. ಯಾವುದು ಯಾವ ಗುಂಪಿಗೆ ಸೇರುತ್ತದೆ ಅನ್ನುವುದನ್ನು ಹಾರ್ಡ್ ಡಿಸ್ಕ್ ಮುಟ್ಟುವ ಮೊದಲೇ ತಿಳಿದುಕೊಳ್ಳಬಹುದು. ಆದ್ದರಿಂದ ಡಿಸ್ಟ್ರೋ (ಲಿನಕ್ಸ್‌ನ ಹಲವು ಬಗೆಗಳಲ್ಲಿ ಒಂದು) ಯಾವುದು ಅಂತ ತಲೆ ಕೆಡಿಸಿಕೊಳ್ಳುವುದರಿಂದ ಶುರು ಮಾಡಬೇಡಿ. ಒಂದು ಹಾಳೆ, ಒಂದು ಪೆನ್ನು ತೆಗೆದುಕೊಳ್ಳಿ.

1. ಪಟ್ಟಿ ಬರೆಯಿರಿ

ಹೋದ ಎರಡು ತಿಂಗಳಲ್ಲಿ ನೀವು ತೆರೆದ ಸಾಫ್ಟ್‌ವೇರ್ ಮತ್ತು ಆಟಗಳನ್ನು ಮಾತ್ರ ಬರೆಯಿರಿ. ಯಾವತ್ತೋ ಹಾಕಿ ಮರೆತದ್ದು ಬೇಡ. ಫೈರ್‌ಫಾಕ್ಸ್, ವಿಎಲ್‌ಸಿ, ಬ್ಲೆಂಡರ್, ಒಬಿಎಸ್, ಡಿಸ್ಕಾರ್ಡ್ ಇವಕ್ಕೆಲ್ಲ ಲಿನಕ್ಸ್‌ನದ್ದೇ ಆವೃತ್ತಿ ಇದೆ, ಅವನ್ನು ಹೊಡೆದುಹಾಕಿ. ಉಳಿದ ಹೆಸರುಗಳ ಬಗ್ಗೆ ಮಾತ್ರ ಯೋಚನೆ ಮಾಡಿದರೆ ಸಾಕು.

ಆಟಗಳಿಗೆ ಪ್ರೋಟಾನ್‌ಡಿಬಿ ಎಂಬ ವೆಬ್‌ಸೈಟ್ ಇದೆ. ಆಟದ ಹೆಸರು ಹಾಕಿದರೆ ಪ್ಲಾಟಿನಂ, ಗೋಲ್ಡ್, ಸಿಲ್ವರ್, ಬ್ರಾಂಜ್ ಅಂತ ದರ್ಜೆ ತೋರಿಸುತ್ತದೆ, ಓಡದೇ ಇರುವುದಕ್ಕೆ ಬೋರ್ಕ್ಡ್ ಅನ್ನುತ್ತದೆ. ದರ್ಜೆ ನೋಡಿ ಅಷ್ಟಕ್ಕೇ ಬಿಡಬೇಡಿ. ಕೆಳಗೆ ಜನ ಬರೆದ ವರದಿಗಳಲ್ಲಿ ನಿಮ್ಮ ಗ್ರಾಫಿಕ್ಸ್ ಕಾರ್ಡ್ ಇರುವವರು ಇತ್ತೀಚೆಗೆ ಬರೆದದ್ದನ್ನು ಓದಿ. ಮೂರು ವರ್ಷದ ಹಿಂದಿನ ದೂರು ಇವತ್ತಿಗೆ ಲೆಕ್ಕಕ್ಕಿಲ್ಲ.

ಆನ್‌ಲೈನ್‌ನಲ್ಲಿ ಬೇರೆಯವರ ಜೊತೆ ಆಡುವ ಆಟ ಆದರೆ ಇನ್ನೊಂದು ವೆಬ್‌ಸೈಟ್ ನೋಡಲೇಬೇಕು, ಅದರ ಹೆಸರು ಆರ್ ವಿ ಆಂಟಿ-ಚೀಟ್ ಯೆಟ್. ಮೋಸ ಹಿಡಿಯುವ ಸಾಫ್ಟ್‌ವೇರ್ ಲಿನಕ್ಸ್‌ನಲ್ಲಿ ಆ ಆಟವನ್ನು ಒಳಗೆ ಬಿಡುತ್ತದಾ ಇಲ್ಲವಾ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

2. ಒಳಗೆ ಏನು ನಡೆಯುತ್ತದೆ ಅಂತ ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಇದು ಗೊತ್ತಿದ್ದರೆ ಮುಂದೆ ಏನಾದರೂ ಕೈಕೊಟ್ಟಾಗ ಎಲ್ಲಿ ಹುಡುಕಬೇಕು ಅಂತ ಗೊತ್ತಿರುತ್ತದೆ.

ವಿಂಡೋಸ್ ಆಟ ಅಂದರೆ ವಿಂಡೋಸ್‌ನ ಭಾಷೆಯಲ್ಲಿ ಕೇಳುವ ಒಂದು ಪ್ರೋಗ್ರಾಂ. "ಈ ಫೈಲ್ ತೆರೆ", "ಇಲ್ಲೊಂದು ವಿಂಡೋ ಹಾಕು", "ಈ ತ್ರಿಕೋನಕ್ಕೆ ಬಣ್ಣ ತುಂಬು" ಅಂತ ಸೆಕೆಂಡಿಗೆ ಸಾವಿರಾರು ಸಲ ಕೇಳುತ್ತಲೇ ಇರುತ್ತದೆ. ಲಿನಕ್ಸ್‌ಗೆ ಆ ಭಾಷೆ ಬರುವುದಿಲ್ಲ. ನಡುವೆ ನಿಂತು ಪ್ರತಿಯೊಂದು ಕೋರಿಕೆಯನ್ನೂ ಲಿನಕ್ಸ್‌ಗೆ ತಿಳಿಯುವ ಹಾಗೆ ಹೇಳುವ ದುಭಾಷಿಯೇ ವೈನ್. 1993ರಿಂದ ಈ ಕೆಲಸ ನಡೆಯುತ್ತಿದೆ. ಇದು ಎಮ್ಯುಲೇಟರ್ ಅಲ್ಲ, ಪ್ರೊಸೆಸರನ್ನು ನಕಲು ಮಾಡುವುದಿಲ್ಲ, ಹಾಗಾಗಿಯೇ ವೇಗ ಅಷ್ಟೇನೂ ಕಡಿಮೆಯಾಗುವುದಿಲ್ಲ.

2018ರಲ್ಲಿ, ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಅಂಗಡಿ ನಡೆಸುವ ವಾಲ್ವ್ ಕಂಪನಿ ವೈನ್ ಜೊತೆಗೆ ಇನ್ನಷ್ಟು ಭಾಗಗಳನ್ನು ಸೇರಿಸಿ ಪ್ರೋಟಾನ್ ಅಂತ ಹೊರತಂದಿತು. ಅದರಲ್ಲಿ ಡಿಎಕ್ಸ್‌ವಿಕೆ ಅನ್ನುವುದು ವಿಂಡೋಸ್‌ನಲ್ಲಿ ಚಿತ್ರ ಬಿಡಿಸುವ ಡೈರೆಕ್ಟ್‌3ಡಿ 9, 10, 11ರ ಆಜ್ಞೆಗಳನ್ನು ಲಿನಕ್ಸ್‌ನಲ್ಲೂ ನಡೆಯುವ ವಲ್ಕನ್‌ಗೆ ಬದಲಾಯಿಸುತ್ತದೆ, 12ಕ್ಕೆ ವಿಕೆಡಿ3ಡಿ-ಪ್ರೋಟಾನ್ ಇದೆ. 2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರ ಓಡುವುದು ಲಿನಕ್ಸ್ ಮೇಲೆ, ಪ್ರೋಟಾನ್ ನೆರವಿನಿಂದ. ಅದಕ್ಕಾಗಿ ಆದ ದುಡಿಮೆಯ ಫಲ ನಮ್ಮ ಡೆಸ್ಕ್‌ಟಾಪಿಗೂ ಸಿಕ್ಕಿದೆ.

ದುಭಾಷಿಗೂ ಒಂದು ಮಿತಿ ಇದೆ ಅಲ್ವಾ? ವ್ಯಾಲರಂಟ್ ಆಟದಲ್ಲಿ ಮೋಸ ಹಿಡಿಯುವ ವ್ಯಾನ್‌ಗಾರ್ಡ್ ನೇರವಾಗಿ ವಿಂಡೋಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಒಳಗೆ ಹೋಗಿ ಕೂರುತ್ತದೆ. ಲಿನಕ್ಸ್‌ನಲ್ಲಿ ವಿಂಡೋಸ್ ಕರ್ನಲ್ಲೇ ಇಲ್ಲ, ಕೂರುವುದೆಲ್ಲಿ? ಮೋಸ ಹಿಡಿಯುವ ಬೇರೆ ಸಾಫ್ಟ್‌ವೇರ್‌ಗಳಾದ ಈಸಿ ಆಂಟಿ-ಚೀಟ್ ಮತ್ತು ಬ್ಯಾಟಲ್‌ಐ 2021ರಿಂದ ಪ್ರೋಟಾನ್ ಜೊತೆ ಹೊಂದಿಕೊಳ್ಳುತ್ತವೆ, ಆದರೆ ಆಟ ಮಾಡಿದವರು ಒಪ್ಪಿ ಆ ಸೌಲಭ್ಯವನ್ನು ತೆರೆಯಬೇಕು. ಫೋರ್ಟ್‌ನೈಟ್‌ನವರು ತೆರೆದಿಲ್ಲ. ಏಪೆಕ್ಸ್ ಲೆಜೆಂಡ್ಸ್ ಕೆಲವು ವರ್ಷ ಓಡಿ 2024ರ ಅಕ್ಟೋಬರ್ ಕೊನೆಗೆ ಲಿನಕ್ಸ್‌ನವರಿಗೆ ಬಾಗಿಲು ಹಾಕಿತು. ಇಂಥ ಆಟವನ್ನು ನೀವು ದಿನಾ ಆಡುವವರಾದರೆ ವಿಂಡೋಸನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಯಾವುದೋ ವಿಡಿಯೋದಲ್ಲಿ ತೋರಿಸಿದ ಅಡ್ಡದಾರಿ ಹಿಡಿದು ಖಾತೆ ಕಳೆದುಕೊಳ್ಳಬೇಡಿ.

3. ವಿಂಡೋಸ್‌ನಲ್ಲಿ ಇರುವಾಗಲೇ ಮಾಡಬೇಕಾದದ್ದು

ನಿಮ್ಮ ಫೈಲುಗಳನ್ನು ಹೊರಗಿನ ಡಿಸ್ಕಿಗೆ ಹಾಕಿಕೊಳ್ಳಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಬೂಟ್ ವ್ಯವಸ್ಥೆ ಬದಲಾದಾಗ ವಿಂಡೋಸ್ ಅದನ್ನು ಕೇಳಬಹುದು. ಪವರ್ ಸೆಟ್ಟಿಂಗ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಅರ್ಧ ನಿದ್ದೆಯಲ್ಲಿರುತ್ತದೆ, ಆ ಡಿಸ್ಕಿನ ಮೇಲೆ ಲಿನಕ್ಸ್ ಬರೆಯಲು ಹೋದರೆ ತೊಂದರೆ.

4. ಡಿಸ್ಟ್ರೋ ಮತ್ತು ಪೆನ್‌ಡ್ರೈವ್

ವಿಂಡೋಸ್ ರೂಢಿಯಿದ್ದವರಿಗೆ ಲಿನಕ್ಸ್ ಮಿಂಟ್. ಹೊಸ ಗ್ರಾಫಿಕ್ಸ್ ಕಾರ್ಡ್, ಆಟವೇ ಮುಖ್ಯ ಅನ್ನುವವರಿಗೆ ಬಜೈಟ್ ಅಥವಾ ಫೆಡೋರಾ. ಇದರ ಮೇಲೆ ವಾರಗಟ್ಟಲೆ ಚರ್ಚೆ ಬೇಕಿಲ್ಲ, ಎಲ್ಲದರಲ್ಲೂ ಸ್ಟೀಮ್ ಒಂದೇ, ಪ್ರೋಟಾನ್ ಒಂದೇ.

8 ಜಿಬಿ ಪೆನ್‌ಡ್ರೈವ್ ಮಿಂಟ್‌ಗೆ ಸಾಕು. ಡಿಸ್ಟ್ರೋದ ಐಎಸ್‌ಒ ಫೈಲ್ (ಇನ್‌ಸ್ಟಾಲ್ ಮಾಡುವ ಪೂರ್ತಿ ಪ್ರತಿ) ಇಳಿಸಿ, ರೂಫಸ್ ಎಂಬ ವಿಂಡೋಸ್ ಪ್ರೋಗ್ರಾಂನಿಂದ ಪೆನ್‌ಡ್ರೈವಿಗೆ ಬರೆಯಿರಿ, ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ ಅನ್ನುವುದು ನೆನಪಿರಲಿ. ಆಮೇಲೆ ಅದರಿಂದಲೇ ಬೂಟ್ ಮಾಡಿ. ಮಿಂಟ್‌ನಲ್ಲಿ ಏನೂ ಇನ್‌ಸ್ಟಾಲ್ ಮಾಡದೆ ಇಡೀ ಡೆಸ್ಕ್‌ಟಾಪ್ ತೆರೆದುಕೊಳ್ಳುತ್ತದೆ. ವೈಫೈ ಸಿಗುತ್ತದಾ, ಶಬ್ದ ಬರುತ್ತದಾ, ಬ್ಲೂಟೂತ್, ಪ್ರಿಂಟರ್, ಎಲ್ಲ ಇಲ್ಲೇ ನೋಡಿಕೊಳ್ಳಿ. ನಿಧಾನ ಅನ್ನಿಸಿದರೆ ಹೆದರಬೇಡಿ, ಅದು ಪೆನ್‌ಡ್ರೈವಿನ ನಿಧಾನ.

5. ಇನ್‌ಸ್ಟಾಲ್ ಮತ್ತು ಡ್ರೈವರ್

ಸಾಧ್ಯವಾದರೆ ಲಿನಕ್ಸ್‌ಗೆ ಬೇರೆಯೇ ಎಸ್‌ಎಸ್‌ಡಿ ಕೊಡಿ. ಎರಡೂ ಒಂದರ ಗೊಡವೆಗೆ ಒಂದು ಬರುವುದಿಲ್ಲ. ಒಂದೇ ಡಿಸ್ಕ್ ಆದರೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಪಾರ್ಟಿಷನ್ ಕಿರಿದು ಮಾಡಿ ಜಾಗ ಬಿಡಿಸಿ, ಆಮೇಲೆ ವಿಂಡೋಸ್ ಜೊತೆಗೆ ಹಾಕು ಅನ್ನುವ ಆಯ್ಕೆ ಒತ್ತಿ. ಆಟಗಳಿಗಾದರೆ 100 ಜಿಬಿ ಕೂಡ ಬೇಗ ತುಂಬಿಹೋಗುತ್ತದೆ, ಸ್ವಲ್ಪ ಧಾರಾಳವಾಗಿ ಕೊಡಿ.

ಎಎಂಡಿ ಮತ್ತು ಇಂಟೆಲ್ ಗ್ರಾಫಿಕ್ಸ್‌ಗೆ ಡ್ರೈವರ್ ಲಿನಕ್ಸ್ ಜೊತೆಗೇ ಬರುತ್ತದೆ. ಎನ್ವಿಡಿಯಾ ಆದರೆ ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆದು, ಶಿಫಾರಸು ಅಂತ ತೋರಿಸುವುದನ್ನೇ ಹಾಕಿ. ತಯಾರಕರ ವೆಬ್‌ಸೈಟಿನಿಂದ ಇಳಿಸಿ ಹಾಕುವುದು ವಿಂಡೋಸ್ ಅಭ್ಯಾಸ, ಇಲ್ಲಿ ಅದು ಬೇಡ. ಸೆಕ್ಯೂರ್ ಬೂಟ್ (ನಂಬಿಕೆಯ ಸಾಫ್ಟ್‌ವೇರನ್ನು ಮಾತ್ರ ಬೂಟ್ ಆಗಲು ಬಿಡುವ ವ್ಯವಸ್ಥೆ) ಆನ್ ಇದ್ದರೆ ಹೊಸದಾಗಿ ಒಂದು ಪಾಸ್‌ವರ್ಡ್ ಇಡಲು ಹೇಳಬಹುದು. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ, ಅಲ್ಲಿ ಎನ್ರೋಲ್ ಎಂಒಕೆ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಆ ಪರದೆ ಕೆಲವೇ ಸೆಕೆಂಡ್ ಇರುತ್ತದೆ. ತಪ್ಪಿಹೋದರೆ ಡ್ರೈವರ್ ಲೋಡ್ ಆಗುವುದಿಲ್ಲ, ಏನಾಯಿತು ಅಂತಲೂ ಗೊತ್ತಾಗುವುದಿಲ್ಲ.

6. ಸ್ಟೀಮ್

ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಸ್ಟೀಮ್ ಎರಡು ಥರ ಸಿಗಬಹುದು, ಸಿಸ್ಟಮ್ ಪ್ಯಾಕೇಜ್ ಮತ್ತು ಫ್ಲಾಟ್‌ಪ್ಯಾಕ್ (ಉಳಿದ ಸಿಸ್ಟಮ್‌ನಿಂದ ಬೇರೆಯಾಗಿ ಓಡುವ ಪ್ಯಾಕೇಜ್). ಸಿಸ್ಟಮ್ ಪ್ಯಾಕೇಜ್ ಹಾಕಿ, ಫ್ಲಾಟ್‌ಪ್ಯಾಕ್‌ನದ್ದಕ್ಕೆ ಬೇರೆ ಡಿಸ್ಕ್ ತೋರಿಸಲು ಪ್ರತ್ಯೇಕ ಅನುಮತಿ ಕೊಡಬೇಕಾಗುತ್ತದೆ. ಲಾಗಿನ್ ಆಗಿ ಸೆಟ್ಟಿಂಗ್ಸ್‌ನಲ್ಲಿ ಕಂಪ್ಯಾಟಿಬಿಲಿಟಿ ನೋಡಿ. ಎಲ್ಲ ಆಟಗಳಿಗೂ ಸ್ಟೀಮ್ ಪ್ಲೇ ಆನ್ ಮಾಡುವ ಆಯ್ಕೆ ಕಂಡರೆ ಆನ್ ಮಾಡಿ, ಹೊಸ ಸ್ಟೀಮ್‌ನಲ್ಲಿ ಅದು ಮೊದಲೇ ಆನ್ ಆಗಿರುತ್ತದೆ. ಆಮೇಲೆ ಇನ್‌ಸ್ಟಾಲ್ ಒತ್ತಿ, ಪ್ಲೇ ಒತ್ತಿ. ಅಷ್ಟೇ.

ಮೊದಲ ಸಲ ವಲ್ಕನ್ ಶೇಡರ್ ಸಿದ್ಧವಾಗುತ್ತಿದೆ ಅಂತ ಬಂದು ಸ್ವಲ್ಪ ಹೊತ್ತು ನಿಲ್ಲಬಹುದು, ಮಧ್ಯದಲ್ಲಿ ನಿಲ್ಲಿಸಬೇಡಿ. ಆಟ ತೆರೆಯದಿದ್ದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ, ಕಂಪ್ಯಾಟಿಬಿಲಿಟಿಯಲ್ಲಿ ಬೇರೆ ಪ್ರೋಟಾನ್ ಆವೃತ್ತಿ ಆರಿಸಿ ನೋಡಿ. ಮೊದಲು ಪ್ರೋಟಾನ್ ಎಕ್ಸ್‌ಪೆರಿಮೆಂಟಲ್, ಅದೂ ಆಗದಿದ್ದರೆ ಪ್ರೋಟಾನ್‌ಅಪ್-ಕ್ಯೂಟಿ ಎಂಬ ಪ್ರೋಗ್ರಾಂನಿಂದ ಜಿಇ-ಪ್ರೋಟಾನ್ (ವಾಲ್ವ್ ಹೊರಗಿನವರು ತಿದ್ದಿದ ಪ್ರೋಟಾನ್) ಇಳಿಸಿಕೊಳ್ಳಿ. ಆಟದ ನಡುವಿನ ವಿಡಿಯೋ ಬರುವ ಜಾಗದಲ್ಲಿ ಬರೀ ಬಣ್ಣದ ಪಟ್ಟಿ ಕಾಣುತ್ತಿದ್ದರೆ ಬಹಳ ಸಲ ಇದರಿಂದಲೇ ಸರಿಹೋಗುತ್ತದೆ.

ವಿಂಡೋಸ್ ಡಿಸ್ಕಿನಲ್ಲಿ ಈಗಾಗಲೇ ಇರುವ ಆಟಗಳನ್ನು ಅಲ್ಲಿಂದಲೇ ಓಡಿಸೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ಬೇಡ. ಪ್ರೋಟಾನ್ ತನ್ನ ಫೋಲ್ಡರ್ ಒಳಗೆ ಕೋಲನ್ ಚಿಹ್ನೆ ಇರುವ ಹೆಸರುಗಳನ್ನು ಮಾಡುತ್ತದೆ, ವಿಂಡೋಸ್‌ಗೆ ಅಂಥ ಹೆಸರು ಒಗ್ಗುವುದಿಲ್ಲ, ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಮಾದರಿಯ ಡಿಸ್ಕಿನಲ್ಲಿ ಗೊಂದಲ ಶುರುವಾಗುತ್ತದೆ. ಆಟಗಳು ಲಿನಕ್ಸ್ ಬಳಸುವ ಇಎಕ್ಸ್‌ಟಿ4 ಮಾದರಿಯ ಡಿಸ್ಕಿನಲ್ಲೇ ಇರಲಿ.

ಎಪಿಕ್ ಮತ್ತು ಜಿಒಜಿ ಎಂಬ ಬೇರೆ ಆನ್‌ಲೈನ್ ಅಂಗಡಿಗಳಲ್ಲಿ ಕೊಂಡ ಆಟಗಳಿಗೆ ಹೀರೋಯಿಕ್ ಗೇಮ್ಸ್ ಲಾಂಚರ್, ಹಳೆಯ ಸಿಡಿಯ ಆಟಗಳಿಗೆ ಲೂಟ್ರಿಸ್. ಕ್ರಮ ಹೆಚ್ಚುಕಡಿಮೆ ಇದೇ.

7. ವಿಂಡೋಸ್ ಸಾಫ್ಟ್‌ವೇರ್

ಆಟವಲ್ಲದ ವಿಂಡೋಸ್ ಸಾಫ್ಟ್‌ವೇರಿಗೆ, ವೈನ್ ಮೂಲಕ ಓಡಿಸುವ ಬಾಟಲ್ಸ್ ಎಂಬ ಪ್ರೋಗ್ರಾಂ ಬಳಸಿ. ಹೊಸ ಬಾಟಲ್ ಮಾಡುವಾಗ ಅಪ್ಲಿಕೇಶನ್ ಅಂತ ಆರಿಸಿ, ಸಾಫ್ಟ್‌ವೇರಿನ ಇಎಕ್ಸ್‌ಇ ಫೈಲನ್ನು ಅದರೊಳಗೆ ಓಡಿಸಿ. ಒಂದೊಂದು ಬಾಟಲ್ ಕೂಡ ಒಂದು ಪುಟ್ಟ ವಿಂಡೋಸ್ ಇದ್ದ ಹಾಗೆ, ಅದಕ್ಕೆ ತನ್ನದೇ ಸಿ ಡ್ರೈವ್, ತನ್ನದೇ ರಿಜಿಸ್ಟ್ರಿ. ವೈನ್‌ನವರು ಇದನ್ನು ಪ್ರಿಫಿಕ್ಸ್ ಅನ್ನುತ್ತಾರೆ. ಒಂದು ಸಾಫ್ಟ್‌ವೇರಿಗೆ ಒಂದು ಬಾಟಲ್ ಇರಲಿ. ಆಗ ಒಂದು ಕೆಟ್ಟರೆ ಇನ್ನೊಂದಕ್ಕೆ ತಾಗುವುದಿಲ್ಲ.

ಪ್ರಿಫಿಕ್ಸ್ ಅಂದರೇನು ಅಂತ ನಾನು ಕಲಿತದ್ದು ನಷ್ಟ ಮಾಡಿಕೊಂಡು. ಡಿಸ್ಕ್ ತುಂಬಿತ್ತು. ಸ್ಟೀಮ್ ಫೋಲ್ಡರ್ ಒಳಗೆ ಕಂಪ್ಯಾಟ್‌ಡೇಟಾ ಅಂತ ಒಂದಿತ್ತು, ಅದರೊಳಗೆ ಬರೀ ಸಂಖ್ಯೆಗಳ ಹೆಸರಿನ ಫೋಲ್ಡರುಗಳು. ಹಳೆಯ ಕಸ ಇರಬೇಕು ಅಂದುಕೊಂಡು ಅಳಿಸಿಬಿಟ್ಟೆ. ಆ ಸಂಖ್ಯೆ ಅಂದರೆ ಆಟದ ಗುರುತಿನ ಸಂಖ್ಯೆ, ಅದರೊಳಗಿದ್ದದ್ದು ಆ ಆಟದ ಸಿ ಡ್ರೈವ್, ಅದರೊಳಗೆ ನನ್ನ ಸೇವ್ ಫೈಲು. ಕ್ಲೌಡ್‌ನಲ್ಲಿ ಉಳಿಸುವ ವ್ಯವಸ್ಥೆ ಇಲ್ಲದ ಆಟ ಅದು. ಎರಡು ತಿಂಗಳು ರಾತ್ರಿ ಕೂತು ಆಡಿದ್ದೆಲ್ಲ ಹೋಯಿತು, ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ನಿಮಗೆ ಹಾಗಾಗುವುದು ಬೇಡ, ಬ್ಯಾಕಪ್ ಮಾಡುವಾಗ ಈ ಫೋಲ್ಡರನ್ನೂ ಸೇರಿಸಿಕೊಳ್ಳಿ.

ಮೈಕ್ರೋಸಾಫ್ಟ್ 365 ಮತ್ತು ಅಡೋಬಿಯ ಹೊಸ ಆವೃತ್ತಿಗಳನ್ನು ವೈನ್ ಮೇಲೆ ನಂಬಿ ಕೂರಬೇಡಿ. ಕಾಗದಪತ್ರಕ್ಕೆ ಲಿಬ್ರೆಆಫೀಸ್ ಅಥವಾ ಓನ್ಲಿಆಫೀಸ್ ಸಾಕಾಗಬಹುದು. ಕಚೇರಿಯಿಂದ ಬರುವ ಒಂದು ಕಷ್ಟದ ಎಕ್ಸೆಲ್ ಫೈಲನ್ನು ಅದರಲ್ಲಿ ತೆರೆದು ಮ್ಯಾಕ್ರೋ ಸಮೇತ ಪರೀಕ್ಷೆ ಮಾಡಿ, ಆಮೇಲೆ ತೀರ್ಮಾನಿಸಿ. ಆಗಲಿಲ್ಲ ಅಂದರೆ ಲಿನಕ್ಸ್ ಒಳಗೇ ಇನ್ನೊಂದು ಕಂಪ್ಯೂಟರಿನ ಹಾಗೆ ಓಡುವ ವರ್ಚುವಲ್‌ಬಾಕ್ಸ್‌ನಲ್ಲಿ ವಿಂಡೋಸ್ ಹಾಕಿಕೊಳ್ಳಿ, 16 ಜಿಬಿ ರ‍್ಯಾಮ್ ಇದ್ದರೆ ಆರಾಮಾಗಿ ಓಡುತ್ತದೆ. ಆಫೀಸ್ ಕೆಲಸಕ್ಕೆ, ತೆರಿಗೆ ಸಾಫ್ಟ್‌ವೇರಿಗೆ ಇದು ಸಾಕು, ಭಾರೀ ಆಟಕ್ಕೆ ಆಗುವುದಿಲ್ಲ.

8. ಎರಡೂ ಇದ್ದಾಗ

ವಿಂಡೋಸ್‌ಗೆ ಹೋಗಿ ಬಂದಾಗಲೆಲ್ಲ ಗಡಿಯಾರ ಕೆಲವು ಗಂಟೆ ಹಿಂದೆ ಮುಂದೆ ಆಗಿದ್ದರೆ ಬ್ಯಾಟರಿ ಕೆಟ್ಟಿಲ್ಲ. ಮದರ್‌ಬೋರ್ಡಿನ ಗಡಿಯಾರದಲ್ಲಿ ವಿಂಡೋಸ್ ಸ್ಥಳೀಯ ಸಮಯ ಇಡುತ್ತದೆ, ಲಿನಕ್ಸ್ ಯುಟಿಸಿ (ಜಾಗತಿಕ ಸಮಯ) ಇಡುತ್ತದೆ. ಲಿನಕ್ಸ್‌ಗೂ ಸ್ಥಳೀಯ ಸಮಯವನ್ನೇ ಬಳಸು ಅಂತ ಒಮ್ಮೆ ಹೇಳಿದರೆ ಸರಿಯಾಗುತ್ತದೆ.

ಸಿಸ್ಟಮ್‌ನ ಪ್ರತಿ ತೆಗೆದಿಡುವ ಟೈಮ್‌ಶಿಫ್ಟ್ ಎಂಬ ಪ್ರೋಗ್ರಾಂ ಮೊದಲ ದಿನವೇ ಆನ್ ಮಾಡಿ. ಯಾವುದಾದರೂ ಅಪ್‌ಡೇಟ್ ಕೆಟ್ಟರೆ ಹಿಂದಿನ ದಿನದ ಸ್ಥಿತಿಗೆ ವಾಪಸ್ ಹೋಗಬಹುದು. ಅದು ಕಾಯುವುದು ಸಿಸ್ಟಮನ್ನು, ನಿಮ್ಮ ಫೋಟೋಗಳನ್ನಲ್ಲ, ಅವಕ್ಕೆ ಬೇರೆ ಬ್ಯಾಕಪ್ ಬೇಕು.

ವಿಂಡೋಸ್ ಪಾರ್ಟಿಷನ್ ಅಳಿಸಲು ಅವಸರ ಮಾಡಬೇಡಿ. ಮೊದಲು ಬರೆದ ಪಟ್ಟಿ ಗೋಡೆಗೆ ಅಂಟಿಸಿಡಿ, ವಿಂಡೋಸ್‌ಗೆ ಹೋದಾಗಲೆಲ್ಲ ಯಾವುದಕ್ಕಾಗಿ ಹೋದಿರಿ ಅಂತ ಆ ಹೆಸರಿನ ಮುಂದೆ ಒಂದು ಗೀಟು ಹಾಕಿ. ಮೂರು ತಿಂಗಳು ಒಂದೂ ಗೀಟು ಬೀಳದಿದ್ದರೆ, ಆ ಪಾರ್ಟಿಷನ್ನಿನಲ್ಲಿ ಉಳಿದ ಫೈಲುಗಳನ್ನು ಈಚೆಗೆ ತಂದು, ಅದನ್ನು ಇಎಕ್ಸ್‌ಟಿ4 ಆಗಿ ಫಾರ್ಮ್ಯಾಟ್ ಮಾಡಿ, ಸ್ಟೀಮ್‌ನ ಸ್ಟೋರೇಜ್‌ಗೆ ಸೇರಿಸಿಕೊಳ್ಳಿ.